ಎಣಿಕೆಯ ವಾರ

ಮೊಬೈಲ್ ಟವರಿನ ಬುಡದಲ್ಲಿ ಕಪಾಟಿನಂಥ ಒಂದು ಕಬ್ಬಿಣದ ಪೆಟ್ಟಿಗೆ ಇರುತ್ತದೆ. ಕರೆಂಟ್ ಹೋದಾಗ ಟವರನ್ನು ಬದುಕಿಸಿಡುವ ಬ್ಯಾಟರಿಗಳು ಅದರೊಳಗೆ. ರಾಯಚೂರು ಜಿಲ್ಲೆಯಲ್ಲಿ ಆ ಪೆಟ್ಟಿಗೆಗಳನ್ನು ತೆರೆದು ನೋಡುವುದು, ಮುಚ್ಚುವುದು, ಮೇಲಿನವರಿಗೆ ವರದಿ ಬರೆಯುವುದು ನನ್ನ ಉದ್ಯೋಗ. ಈ ಕೆಲಸದಲ್ಲಿ ನಾನು ಭಾರಿ ಜಾಣ ಎಂದು ಬಹಳ ದಿನ ತಿಳಿದುಕೊಂಡಿದ್ದೆ. ಹಾಗೆ ತಿಳಿದುಕೊಂಡೇ ದೇವದುರ್ಗದ ಆಚೆಯ ಒಂದು ಹಳ್ಳಿಗೆ ಇದ್ದ ಅಷ್ಟಿಷ್ಟು ಸಿಗ್ನಲ್ಲನ್ನೂ ಕಳೆದೆ.

ಹಳೆಯ ಬ್ಯಾಟರಿಗಳು ಸೀಸದವು. ಅವಕ್ಕೆ ಹೊಟ್ಟೆ ತುಂಬಲು ಹತ್ತಿರ ಹತ್ತಿರ ಇಡೀ ದಿನ ಕರೆಂಟ್ ಬೇಕು. ಬಂದು ಹೋಗುವ ಕರೆಂಟಿನಲ್ಲಿ ಅವು ಎಂದೂ ತುಂಬುವುದಿಲ್ಲ. ಅರೆಹೊಟ್ಟೆಯಲ್ಲೇ ದುಡಿದು ಬೇಗ ಸಾಯುತ್ತವೆ. ಮೇಲೆ ನಮ್ಮ ಬಿಸಿಲು. ಬ್ಯಾಟರಿಯ ಆಯುಸ್ಸನ್ನು ಪುಸ್ತಕದಲ್ಲಿ ಬರೆದವರು ಏಪ್ರಿಲ್ ತಿಂಗಳಲ್ಲಿ ಒಂದು ಮಧ್ಯಾಹ್ನ ರಾಯಚೂರು ಸ್ಟೇಷನ್ನಿನಲ್ಲಿ ಇಳಿದಿದ್ದರೆ ಆ ಪುಟವನ್ನು ತಾವೇ ಹರಿದು ಹಾಕುತ್ತಿದ್ದರು. ಹೊಸದಾಗಿ ಬಂದ ಲಿಥಿಯಂ ಬ್ಯಾಟರಿ ಹಾಗಲ್ಲ. ಎರಡು ಮೂರು ತಾಸಿನಲ್ಲಿ ತುಂಬಿಕೊಳ್ಳುತ್ತದೆ, ಬಿಸಿಲನ್ನೂ ಅಷ್ಟಿಷ್ಟು ತಾಳುತ್ತದೆ. ಹಾಗಾಗಿ ಆಯ್ಕೆ ಬಹಳ ಸರಳ. ಕರೆಂಟ್ ಇಲ್ಲದ ಊರಿಗೆ ಲಿಥಿಯಂ, ಇರುವ ಊರಿಗೆ ಸೀಸ. ಇದನ್ನು ಹೇಳಲು ಎಂಜಿನಿಯರೇ ಬೇಕೆಂದಿಲ್ಲ.

ಹೋದ ವರ್ಷ ಬೇಸಿಗೆಗೆ ಮುಂಚೆ ನಮ್ಮ ಭಾಗಕ್ಕೆ ಆರು ಸೆಟ್ ಲಿಥಿಯಂ ಬಂದವು. ಯಾವ ಆರು ಟವರಿಗೆ ಹಾಕಬೇಕು ಎಂದು ಪಟ್ಟಿ ಮಾಡುವ ಕೆಲಸ ನನಗೆ ಬಂತು. ಫಾರ್ಮ್ ತೆರೆದು ನೋಡಿದರೆ, ಊರಿನಲ್ಲಿ ಕರೆಂಟ್ ಎಷ್ಟು ತಾಸು ಇರುತ್ತದೆ ಎಂಬ ಪ್ರಶ್ನೆಯೇ ಇಲ್ಲ. ಇದ್ದದ್ದು ಒಂದೇ ಪ್ರಶ್ನೆ: ಗೊತ್ತು ಮಾಡಿದ ಒಂದು ವಾರದಲ್ಲಿ ಆ ಟವರಿನಿಂದ ಎಷ್ಟು ಕರೆಗಳು ಹೋದವು? ಹೆಚ್ಚು ಕರೆ ಹೋದ ಟವರಿಗೆ ಮೊದಲ ಸೆಟ್. ನನಗೆ ಮೈ ಉರಿದುಹೋಯಿತು. ರಾಯಚೂರಿನ ಆಫೀಸಿಗೆ ಹೋಗಿ ನನ್ನ ಮೇಲಧಿಕಾರಿಯ ಎದುರು ಕೂತೆ.

“ಸರ, ಟವರ್ ದಿನಾ ಸತ್ತು ಬೀಳೋ ಊರಾಗ ಕರೆ ಹ್ಯಾಂಗ ಹೋಗತಾವ್ರೀ?”

“ಕರೆ ಇಲ್ಲಂದ್ರ ಬೇಡಿಕಿ ಇಲ್ಲ ಅಂತನ ಅರ್ಥ. ಫಾರ್ಮ್ ತುಂಬಿ ಕಳಸ್ರಿ,” ಎಂದರು. ಅವರು ಕೆಟ್ಟವರಲ್ಲ. ಅವರಿಗೂ ಮೇಲಿನಿಂದ ಇಂಥದೇ ಒಂದು ಫಾರ್ಮ್ ಬಂದಿರುತ್ತದೆ.

ನನ್ನ ತಲೆಯಲ್ಲಿದ್ದದ್ದು ದೇವದುರ್ಗದ ಆಚೆಯ ಆ ಹಳ್ಳಿ. ಅದಕ್ಕಿಂತ ಹೆಚ್ಚಾಗಿ ಅಲ್ಲಿಯ ಒಬ್ಬ ಅಜ್ಜಿ. ಟವರ್ ನಿಂತಿರುವ ಜಾಗಕ್ಕೆ ಹೊಂದಿಕೊಂಡೇ ರೇಷನ್ ಅಂಗಡಿ ಇದೆ. ರೇಷನ್ ಅಕ್ಕಿ ಬೇಕಾದರೆ ಅಲ್ಲಿಯ ಮಷಿನ್ನಿನ ಮೇಲೆ ಹೆಬ್ಬೆಟ್ಟು ಒತ್ತಬೇಕು. ಅಜ್ಜಿ ಹುಟ್ಟಿದಾಗಿನಿಂದ ಕೂಲಿ ಮಾಡಿದಾಕೆ. ಹತ್ತಿ ಬಿಡಿಸಿ, ಮೆಣಸಿನಕಾಯಿ ಹರಿದು ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ, ಹತ್ತು ಬೆರಳು ಒತ್ತಿದರೂ ಮಷಿನ್ ಒಪ್ಪುವುದಿಲ್ಲ. ಅಂಥವರ ಫೋನಿಗೆ ಒಂದು ಒಟಿಪಿ ನಂಬರ್ ಬರುತ್ತದೆ, ಅದನ್ನು ಮಷಿನ್ನಿನಲ್ಲಿ ಹಾಕಿದರೆ ಅಕ್ಕಿ. ಅಂದರೆ ಮಷಿನ್ನಿಗೂ ಸಿಗ್ನಲ್ ಬೇಕು, ಅದೇ ಹೊತ್ತಿಗೆ ಅಜ್ಜಿಯ ಫೋನಿಗೂ ಬೇಕು. ತಿಂಗಳ ಕೊನೆಯೊಳಗೆ ಆಗದಿದ್ದರೆ ಆ ತಿಂಗಳ ಅಕ್ಕಿ ಹೋದಂತೆಯೇ.

ನಾನು ಹೋದಾಗಲೆಲ್ಲ ಆಕೆ ಅಂಗಡಿಯ ಕಟ್ಟೆಯ ಮೇಲೆ ಚೀಲ ಮಡಚಿಟ್ಟುಕೊಂಡು ಕೂತಿರುತ್ತಿದ್ದಳು. ಒಮ್ಮೆ ಮನಸ್ಸು ತಡೆಯದೆ ನನ್ನ ನಂಬರನ್ನು ಆಕೆಯ ಬಟನ್ ಫೋನಿನಲ್ಲಿ ಹಾಕಿಕೊಟ್ಟೆ. ಅದರಲ್ಲಿ ಇದ್ದದ್ದು ಎರಡೇ ನಂಬರು, ಅಂಗಡಿಯವರದು ಮತ್ತು ನನ್ನದು.

ಎಣಿಕೆಯ ವಾರ ಶುರುವಾಗುವ ಮುಂಚಿನ ಶನಿವಾರ ಬೈಕ್ ಹತ್ತಿ ಆ ಹಳ್ಳಿಗೆ ಹೋದೆ. ನನ್ನ ಜಾಣತನ ಅಲ್ಲಿ ಮುಗಿಲು ಮುಟ್ಟಿತು. ರೇಷನ್ ಅಂಗಡಿಯ ಮುಂದೆ ಹತ್ತಿಪ್ಪತ್ತು ಜನರನ್ನು ಕೂಡಿಸಿ ಹೇಳಿದೆ.

“ಸೋಮವಾರದಿಂದ ಏಳು ದಿನ ಎಲ್ಲಾರೂ ಫೋನ್ ಹಚ್ಚ್ರಿ. ಯಾರಿಗರ ಹಚ್ಚ್ರಿ. ಎಷ್ಟು ಹಚ್ಚತೀರಿ ಅಷ್ಟೂ ಲೆಕ್ಕಕ್ಕ ಬರ್ತಾವು. ಲೆಕ್ಕ ಹೆಚ್ಚಾದ್ರ ಹೊಸ ಬ್ಯಾಟರಿ.”

ಜನ ಹಚ್ಚಿದರು. ಹಾಗೆ ಫೋನ್ ಹಚ್ಚಿದ ಊರನ್ನು ನಾನು ಕಂಡಿಲ್ಲ. ಸಿಗ್ನಲ್ ಇದ್ದಷ್ಟು ಹೊತ್ತು ಒಂದೇ ಗೋಡೆಯ ಆಚೆ ಈಚೆ ಕೂತ ವಾರಗಿತ್ತಿಯರು ಫೋನಿನಲ್ಲಿ ಮಾತಾಡಿದರಂತೆ. ಹೊಲದಲ್ಲಿದ್ದ ಗಂಡ ಮನೆಗೆ ಹಚ್ಚಿ ಸಾರು ಏನೆಂದು ಕೇಳಿ, ಹತ್ತು ನಿಮಿಷ ಬಿಟ್ಟು ಮತ್ತೆ ಹಚ್ಚಿ ಕುದಿಯಿತೇ ಎಂದು ಕೇಳಿದನಂತೆ. ಅಂಗಡಿಯವರು ನಗುತ್ತ ವರದಿ ಕೊಡುತ್ತಿದ್ದರು. ಅಜ್ಜಿಗೆ ಹಚ್ಚಲು ಯಾರೂ ಇರಲಿಲ್ಲ, ಅದಕ್ಕೆ ನನಗೇ ಹಚ್ಚಿದಳು.

“ಯಪ್ಪಾ, ನಾನು. ಹಚ್ಚೀನಿ ನೋಡು. ಲೆಕ್ಕಕ್ಕ ಬಂತೇನು?”

“ಬಂತು ಯವ್ವಾ, ಬಂತು.”

ಸೋಮವಾರ, ಮಂಗಳವಾರ ನನ್ನ ಲ್ಯಾಪ್‌ಟಾಪಿನಲ್ಲಿ ಆ ಊರಿನ ಎಣಿಕೆ ಏರುತ್ತಲೇ ಹೋಯಿತು. ನಾನು ಉಬ್ಬಿಹೋದೆ. ಬುಧವಾರ ಏರಿಕೆ ನಿಂತಿತು. ಗುರುವಾರ ಮಧ್ಯಾಹ್ನದ ಹೊತ್ತಿಗೆ ಒಂದು ಕರೆಯೂ ಇಲ್ಲ.

ಶುಕ್ರವಾರ ಹೋಗಿ ಪೆಟ್ಟಿಗೆ ತೆರೆದರೆ ಆಸಿಡ್ ವಾಸನೆ ಮುಖಕ್ಕೆ ಹೊಡೆಯಿತು. ಕರೆಗಳು ಹೆಚ್ಚಾದಷ್ಟೂ ಟವರ್ ಹೆಚ್ಚು ಕರೆಂಟ್ ಕುಡಿಯುತ್ತದೆ. ಇದು ನಾವು ಟ್ರೇನಿಂಗಿನಲ್ಲಿ ಕಲಿಯುವ ಮೊದಲ ಪಾಠ. ತಾಸೆರಡು ತಾಸು ಹೇಗೋ ಜೀವ ಹಿಡಿಯುತ್ತಿದ್ದ ಆ ಮುದಿ ಬ್ಯಾಟರಿಗಳನ್ನು ಮೂರು ದಿನ ಬುಡದವರೆಗೆ ಹಿಂಡಿದ್ದೆವು. ಎರಡು ಉಬ್ಬಿ ಒಡೆದಿದ್ದವು, ಉಳಿದವು ಅವುಗಳ ಜೊತೆ ಸತ್ತಿದ್ದವು. ಪಾಠ ಗೊತ್ತಿದ್ದೂ ಎಣಿಕೆಯ ಹುರುಪಿನಲ್ಲಿ ಮರೆತಿದ್ದೆ. ತಪ್ಪು ಫಾರ್ಮಿನದು ಎಂದು ಎಷ್ಟೋ ದಿನ ಹೇಳಿಕೊಂಡು ತಿರುಗಿದೆ. ತಪ್ಪು ನನ್ನದು.

ಇಡೀ ಸಾಲನ್ನು ತಂತಿಯಿಂದ ಬಿಡಿಸಿದೆ. ಅಂದಿನಿಂದ ಕರೆಂಟ್ ಇದ್ದಾಗ ಮಾತ್ರ ಟವರ್, ಕರೆಂಟ್ ಹೋದ ಕ್ಷಣವೇ ಅದೂ ಹೋಗುತ್ತದೆ. ಅಲ್ಲಿ ಹಗಲು ಕರೆಂಟ್ ಇರುವುದೇ ಅಪರೂಪ, ರೇಷನ್ ಅಂಗಡಿ ತೆರೆಯುವುದು ಹಗಲಿನಲ್ಲಿ.

ಆ ವಾರದ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಅಜ್ಜಿ ದಿನಕ್ಕೆ ಎರಡು ಮೂರು ಸಲ ಹಚ್ಚುತ್ತಿದ್ದಳು. ಎರಡನೇ ದಿನದಿಂದ ನಾನು ಎತ್ತಲಿಲ್ಲ. ಕವಿತಾಳದಲ್ಲೊಂದು ಕೆಲಸ, ಮಾನ್ವಿಯಲ್ಲೊಂದು ಕೆಲಸ, ನಂಬರ್ ನೋಡಿ ಸುಮ್ಮನಾದೆ. ಎತ್ತದ ಕರೆ ಎಣಿಕೆಗೆ ಸೇರುವುದಿಲ್ಲ. ಅದು ನನಗೆ ಗೊತ್ತಿತ್ತು, ಆಕೆಗೆ ಹೇಳಿರಲಿಲ್ಲ.

ಪಟ್ಟಿಯಲ್ಲಿ ಆ ಹಳ್ಳಿ ಕೊನೆಗೆ ಹೋಯಿತು. ಮೊದಲ ಸೆಟ್ ಬಂದದ್ದು ಮಾನ್ವಿಗೆ, ನಾನು ಹುಟ್ಟಿ ಬೆಳೆದ ಓಣಿಯ ಹಿಂದಿನ ಟವರಿಗೆ. ಅಲ್ಲಿ ಕರೆಂಟ್ ಹೋಗುವುದೇ ಕಡಿಮೆ, ಹೋದರೂ ಜನರೇಟರ್ ಇದೆ. ನನ್ನ ಕೈಯಾರೆ ಜೋಡಿಸಿ ಬಂದೆ. ಆ ಸಂಜೆ ಅಪ್ಪ ಫೋನ್ ಮಾಡಿದರು. ಅಪ್ಪ ನಿವೃತ್ತ ಮೇಷ್ಟ್ರು, ನನ್ನ ಕೆಲಸದ ಬಗ್ಗೆ ಅವರಿಗೆ ಎಂದೂ ಅಂಥ ಅಭಿಮಾನವಿರಲಿಲ್ಲ.

“ಭಾಳ ಛಲೋ ಕೇಳಸ್ತದಪಾ ಈಗ. ನೀನ ಹಾಕಿಸಿದ್ಯಂತಲ್ಲ? ಓಣ್ಯಾಗ ಎಲ್ಲಾರಿಗೂ ಹೇಳೀನಿ.”

ನಲವತ್ತು ದಾಟಿದ ಮಗನಿಗೆ ಅಪ್ಪನಿಂದ ಸಿಕ್ಕ ಮೊದಲ ಹೊಗಳಿಕೆ ಅದು. ನನಗೆ ಅಳು ಬಂತು, ಸಂತೋಷಕ್ಕಲ್ಲ.

ತಿಂಗಳ ಕೊನೆಯ ಮೂರು ದಿನ ಅಜ್ಜಿ ಬೆಳಗಿನಿಂದ ಅಂಗಡಿ ಮುಚ್ಚುವವರೆಗೆ ಕಟ್ಟೆಯ ಮೇಲೆ ಕೂತಳಂತೆ. ನಂಬರ್ ಬರಲಿಲ್ಲ. “ಮಷಿನ್ ಒಪ್ಪಲಿಲ್ಲಂದ್ರ ನಾ ಹ್ಯಾಂಗ ಕೊಡ್ಲಿ ಸರ,” ಎಂದರು ಅಂಗಡಿಯವರು. ತಮ್ಮ ಮನೆಯದೇ ಎರಡು ಸೇರು ಅಕ್ಕಿ ಆಕೆಯ ಚೀಲಕ್ಕೆ ಹಾಕಿದ್ದರು. ಮುಂದಿನ ತಿಂಗಳೂ ಹಾಗೇ ಆಯಿತು. ಅದರ ಮುಂದಿನ ತಿಂಗಳು ಅವರು ಆ ಮಾತು ತೆಗೆಯಲಿಲ್ಲ, ನಾನೂ ಕೇಳಲಿಲ್ಲ. ಬ್ಯಾಟರಿಗಾಗಿ ನಾಲ್ಕು ಸಲ ಬರೆದೆ. ನಾಲ್ಕು ಸಲವೂ ಬಂದದ್ದು ಒಂದೇ ಉತ್ತರ: ಬೇಡಿಕೆ ಇಲ್ಲ.

ಈ ವರ್ಷ ಮಳೆಗಾಲದಲ್ಲಿ ಆದೇಶ ಬಂತು. ಹೆಚ್ಚುಕಡಿಮೆ ಕರೆಗಳೇ ಇಲ್ಲದ ಟವರುಗಳನ್ನು ನಿಲ್ಲಿಸಿ, ಸಾಮಾನು ರಾಯಚೂರಿಗೆ ತರಬೇಕು. ಪಟ್ಟಿಯಲ್ಲಿ ಆ ಹಳ್ಳಿಯೇ ಮೊದಲು. ಅಂತೂ ಒಂದು ಪಟ್ಟಿಯಲ್ಲಿ ಅದಕ್ಕೆ ಮೊದಲ ಸ್ಥಾನ ಸಿಕ್ಕಿತು.

ಸತ್ತ ಬ್ಯಾಟರಿಗಳನ್ನು ಹಮಾಲರು ಗಾಡಿಗೆ ಏರಿಸುತ್ತಿದ್ದಾಗ ಅಜ್ಜಿ ಕಟ್ಟೆಯಿಂದ ಎದ್ದು ಬಂದಳು. ಇನ್ನಷ್ಟು ಸೊರಗಿದ್ದಳು. ಬೈಯಲಿ, ಸಾಕಷ್ಟು ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ.

“ಹಳೇವು ಒಯ್ಯಾಕತ್ತೀಯೇನು? ಹೊಸಾವು ಯಾವಾಗ ಬರ್ತಾವು?”

ಆಕೆ ಸೆರಗಿನ ಗಂಟಿನಿಂದ ಫೋನ್ ತೆಗೆದು ನನ್ನ ಮುಂದೆ ಹಿಡಿದಳು.

“ನಾ ಬಿಟ್ಟಿಲ್ಲ ಯಪ್ಪಾ. ಇವತ್ತಿಗೂ ದಿನಾ ಮುಂಜಾನೆ ನಿನಗ ಹಚ್ಚತೀನಿ. ನೀ ಎತ್ತಂಗಿಲ್ಲ. ಎತ್ತಬ್ಯಾಡ ಬಿಡು, ನಿನಗೂ ಕೆಲಸ ಇರ್ತಾವು. ಲೆಕ್ಕಕ್ಕ ಬಂದ್ರ ಸಾಕು.”

ಫೋನಿನ ಮೂಲೆಯಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ಸಿಗ್ನಲ್ ಇಲ್ಲದ ಫೋನಿನಿಂದ ಹಚ್ಚಿದ ಕರೆ ಎಲ್ಲಿಗೂ ಹೋಗುವುದಿಲ್ಲ, ಯಾರಿಗೂ ಕಾಣುವುದಿಲ್ಲ.

“ಬರ್ತಾವು ಯವ್ವಾ,” ಎಂದೆ. ಕೊನೆಯ ಬ್ಯಾಟರಿಯ ಇನ್ನೊಂದು ತುದಿಗೆ ನಾನೇ ಕೈ ಕೊಟ್ಟು ಗಾಡಿಗೆ ಏರಿಸಿದೆ.