ಕೈಬಿಟ್ಟ ಹೆಸರು ಕಾಯುವಾಕೆ

ಬೆಳಗಿನ ಐದೂವರೆ. ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಹೆಚ್ಚಿಟ್ಟ ಈರುಳ್ಳಿ, ಇನ್ನೊಂದು ತುದಿಯಲ್ಲಿ ಹಳೇ ಲ್ಯಾಪ್‌ಟಾಪ್. ಪರದೆಯ ತುಂಬಾ ಉದ್ದಾನುದ್ದ ಹೆಸರುಗಳ ಪಟ್ಟಿ. ಐವತ್ತೆರಡು ವರ್ಷದ ಈ ಮಹಿಳೆ ಕನ್ನಡಕವನ್ನು ಮೂಗಿನ ತುದಿಗಿಳಿಸಿ ಒಂದು ಸಾಲಿನ ಮೇಲೆ ಬೆರಳಿಡುತ್ತಾರೆ. "ಇವನೇ ನೋಡಿ, ನಾಪತ್ತೆ ಆಸಾಮಿ!"

"ನನ್ನ ಹುಟ್ಟಿದ ದಿನ ಇವಳಿಗೆ ನೆನಪಿರಲ್ಲ. ಆ ಹೆಸರುಗಳು ಮಾತ್ರ ಬಾಯಿಪಾಠ," ಎಂದು ಬಸ್ ಓಡಿಸುವ ಗಂಡ ಶೂ ಕಟ್ಟುತ್ತಾ ಛೇಡಿಸುತ್ತಾರೆ.

ಹಗಲು ಇವರು ಕಾಲೇಜೊಂದರ ಲ್ಯಾಬ್ ಸಹಾಯಕಿ. ನಸುಕು ಮಾತ್ರ ಲಿನಕ್ಸ್‌ಗೆ ಮೀಸಲು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಆ ಕಂಪ್ಯೂಟರ್ ವ್ಯವಸ್ಥೆಯನ್ನು ಜೋಡಿಸಿ ಹಂಚುವ ಸ್ವಯಂಸೇವಕರ ತಂಡದಲ್ಲಿ ಹದಿನಾಲ್ಕು ವರ್ಷದಿಂದ ಇದ್ದಾರೆ. ತಂಡದವರಿಗೆಲ್ಲ ಇವರು 'ಪಟ್ಟಿಯಮ್ಮ'.

ಹತ್ತಾರು ತಂತ್ರಾಂಶಗಳು ಒಂದೇ ಲೈಬ್ರರಿಯನ್ನು, ಅಂದರೆ ಸಿದ್ಧ ಕೆಲಸಗಳ ಕಂತೆಯನ್ನು, ನೆಚ್ಚಿಕೊಂಡಿರುತ್ತವೆ. ತಮಗೆ ಬೇಕಾದ ಕೆಲಸವನ್ನು ಹೆಸರು ಹಿಡಿದು ಕರೆಯುತ್ತವೆ. ಹೊಸ ಆವೃತ್ತಿಯಲ್ಲಿ ಆ ಹೆಸರೇ ಇಲ್ಲದಿದ್ದರೆ ತಂತ್ರಾಂಶ ಮೇಲೇಳುವುದಿಲ್ಲ. ಅದಕ್ಕೇ ಹಳೆಯ ಪಟ್ಟಿಗೂ ಹೊಸದಕ್ಕೂ ತಾಳೆ ನೋಡಬೇಕು. ಪಟ್ಟಿಯಮ್ಮನ ಪಾಲಿಗಿರುವುದು ಅರವತ್ತೊಂದು ಲೈಬ್ರರಿ, ಒಂದೊಂದರಲ್ಲೂ ನೂರಾರು ಹೆಸರು.

ಬೆರಳಿಟ್ಟ ಹೆಸರು ಮುದ್ರಣದ ಪುಟ ಹೊಂದಿಸುವಂಥದ್ದು. ಲೈಬ್ರರಿ ಬರೆದವರು ಎರಡು ವರ್ಷದ ಹಿಂದೆ ಅದನ್ನು ಕಿತ್ತುಹಾಕಿದರು. "ಯಾರೂ ಬಳಸ್ತಿಲ್ಲವಂತೆ! ಯಾರೂ ಅಂದ್ರೆ ಯಾರು? ಅವರಿಗೆ ಗೊತ್ತಿರೋರು ತಾನೇ?" ಎಂದು ಸಿಡುಕುತ್ತಾರೆ. ಬಳಸುವವರಿದ್ದರು. ಅಂಧ ಮಕ್ಕಳ ಶಾಲೆಯೊಂದರ ಬ್ರೈಲ್ ಮುದ್ರಣದ ತಂತ್ರಾಂಶ. ಅದನ್ನು ಬರೆದವರು ತೀರಿಕೊಂಡಿದ್ದಾರೆ, ಮೂಲ ಬರಹ ಕಳೆದುಹೋಗಿದೆ. ಉಳಿದಿರುವುದು ತಿದ್ದಲಾಗದ, ಓಡಿಸಲು ಮಾತ್ರ ಬರುವ ಪ್ರತಿ.

ಆಗ ಪಟ್ಟಿಯಮ್ಮ ಹಳೆಯ ಹೆಸರನ್ನು ನೇರವಾಗಿ ಹೊಸ ಕೆಲಸಕ್ಕೆ ಗಂಟುಹಾಕಿದರು. ತಂತ್ರಾಂಶ ಚಕಾರವೆತ್ತದೆ ತೆರೆದುಕೊಂಡಿತು. ಆದರೆ ಹಳೆಯದು ಪುಟದ ಅಗಲವನ್ನು ಮೊದಲು ಕೇಳುತ್ತಿತ್ತು, ಹೊಸದು ಉದ್ದವನ್ನು. ಅಗಲ ಉದ್ದವಾಯಿತು, ಉದ್ದ ಅಗಲವಾಯಿತು, ಸಾಲುಗಳು ಸಂಖ್ಯೆಯ ನಡುವೆಯೇ ತುಂಡಾದವು. ಕಣ್ಣಿದ್ದವರಿಗೆ ಅವೆಲ್ಲ ಬರೀ ಚುಕ್ಕಿ, ಯಾರಿಗೂ ಗೊತ್ತಾಗಲಿಲ್ಲ. ಗಣಿತ ಪರೀಕ್ಷೆಯಲ್ಲಿ ಇಪ್ಪತ್ತೆರಡು ಮಕ್ಕಳು ಇಲ್ಲದ ಲೆಕ್ಕಕ್ಕೆ ಉತ್ತರ ಬರೆದು ಫೇಲಾದರು.

"ತೆರ್ಕೊಳ್ತಲ್ಲ ಅಂತ ನಾನು ಆರಾಮಾಗಿದ್ದೆ. ಆ ಮಕ್ಕಳು ತಾವೇ ದಡ್ಡರು ಅಂದ್ಕೊಂಡಿದ್ರಂತೆ," ಎನ್ನುತ್ತಾರೆ. ಅಂದು ಹಳೆಯ ಲೈಬ್ರರಿಯನ್ನೇ ವಾಪಸ್ ಕೊಟ್ಟು ಪಾರಾದರು. ಈಗ ಅದರಲ್ಲಿ ಭದ್ರತೆಯ ದೋಷ ಸಿಕ್ಕಿದೆ; ಇಟ್ಟುಕೊಳ್ಳುವಂತಿಲ್ಲ. ಶಾಲೆಯಲ್ಲಿ ವಾರ್ಷಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಅಚ್ಚಾಗಬೇಕಾಗಿರುವುದು ಇವತ್ತೇ.

ಈ ಸಲ ಹಳೆಯ ಹೆಸರಿನ ಹಿಂದೆ ಪುಟ್ಟದೊಂದು ತುಣುಕು ಬರೆದಿದ್ದಾರೆ. ಅದು ಎರಡು ಅಂಕಿಗಳನ್ನೂ ಅದಲುಬದಲು ಮಾಡಿ ಹೊಸದಕ್ಕೆ ದಾಟಿಸುತ್ತದೆ. ಬರೆದದ್ದು ಒಂಬತ್ತು ಸಾಲು, ಪರೀಕ್ಷಿಸಿದ್ದು ಹನ್ನೊಂದು ದಿನ. ಆದರೂ ಅದರಿಂದ ಅಚ್ಚಾದ ಮಾದರಿ ಪುಟಗಳನ್ನು ಶಾಲೆಯ ಕರಡು ತಿದ್ದುವವರು ಒಪ್ಪುವ ತನಕ ತಂಡಕ್ಕೆ ಕಳಿಸುವುದಿಲ್ಲವೆಂಬ ಹಟ. ಹುಟ್ಟಿನಿಂದ ಕಣ್ಣು ಕಾಣದ ಆತ ಪುಟ ಓದುವುದು ಬೆರಳಲ್ಲಿ.

ಏಳಕ್ಕೆ ಆತನ ಫೋನ್ ಬರುತ್ತದೆ. ಪಟ್ಟಿಯಮ್ಮ ಕೈಯೊರೆಸಿಕೊಂಡು ಎತ್ತಿಕೊಳ್ಳುತ್ತಾರೆ.

"ಅಕ್ಕಾ, ನಾಲ್ಕು ಪುಟಾನೂ ಎರಡೆರಡು ಸಲ ಓದ್ದೆ. ಎಲ್ಲಾ ಮೊದಲಿದ್ದ ಹಾಗೇ ಇದೆ. ಹನ್ನೊಂದು ದಿನ ಅದೇನು ಮಾಡಿದ್ರಿ?"

"ಅದನ್ನೇ ಕಣಪ್ಪಾ ಮಾಡಿದ್ದು!" ಎಂದು ಪಟ್ಟಿಯಮ್ಮ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.