ಅತ್ತೆಗೆ ಮೊದಲು ಬಡಿಸಿದ ಊಟ

ಕಳೆದ ತಿಂಗಳು ಮಾದಾಪುರದ ಮದುವೆಯೊಂದರಲ್ಲಿ, ಬಾಳೆಯೆಲೆಗೆ ಬಿಸಿ ಅನ್ನ ಬಿದ್ದೊಡನೆ ಏಳುವ ವಾಸನೆ ಮೂಗಿಗೆ ತಟ್ಟಿತು. ಕೈ ತುತ್ತಿನ ಮೇಲೆಯೇ ನಿಂತಿತು. ನನ್ನ ಸೋದರತ್ತೆಯ ಎಲೆಗೆ ಅನ್ನ ಬೀಳುವ ಹೊತ್ತಿಗೆ ಅದು ಎಂದೂ ಬಿಸಿಯಾಗಿರುತ್ತಿರಲಿಲ್ಲ...

ಹೈದರಾಬಾದು ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ. ಅಲ್ಲಿನ ತಾರ್ನಾಕದ ನಮ್ಮ ಮನೆಯಲ್ಲಿ ತಂದೆಯ ಅಕ್ಕ ಇದ್ದಳು. ರಾಯಚೂರು ಕಡೆಗೆ ಸೊಸೆಯಾಗಿ ಹೋಗಿ, ಹತ್ತೊಂಬತ್ತಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಮರಳಿದವಳು. ಅಂದಿನಿಂದ ಆಕೆಗೆ ಎರಡು ಕಟ್ಟಳೆ. ದಿನಕ್ಕೆ ಒಂದೇ ಊಟ, ಅದೂ ಮಧ್ಯಾಹ್ನ ಎರಡರೊಳಗೆ. ಶುಭಕಾರ್ಯಗಳಲ್ಲಿ ಎಲ್ಲರೂ ಉಂಡು ಎದ್ದ ಮೇಲಿನ ಕಡೆಯ ಪಂಕ್ತಿ. ಇಡೀ ಮದುವೆಗೆ ಹೋಳಿಗೆ ತಟ್ಟಿದ ಕೈಗೆ ಕೊನೆಯಲ್ಲಿ ಉಳಿಯುತ್ತಿದ್ದುದು ಮುರಿದ ಹೋಳಿಗೆ. ಇದನ್ನು ಸಂಪ್ರದಾಯವೆಂದು ಸಮರ್ಥಿಸಿದವರು ಅನಕ್ಷರಸ್ಥರಲ್ಲ. ಸರಕಾರಿ ಹುದ್ದೆಗಳಲ್ಲಿದ್ದ, ವೇದಿಕೆಯ ಮೇಲೆ ಸಮಾನತೆಯ ಮಾತಾಡುತ್ತಿದ್ದ ನಮ್ಮ ಬಂಧುಗಳು. ಅವರನ್ನು ನಾನು ಇಂದಿಗೂ ಕ್ಷಮಿಸಿಲ್ಲ.

ನನ್ನ ತಂಗಿಯ ಮದುವೆಯಲ್ಲೂ ಹಾಗೆಯೇ ಆಯಿತು. ಮರುದಿನ ನಾನು ಸಿಡಿದೆ. ಕಾಲೇಜಿನ ಚರ್ಚಾಕೂಟಗಳಲ್ಲಿ ಗೆದ್ದು ಬಂದ ನಾಲಗೆ ನನ್ನದು.

"ಅತ್ತಿ, ಹೋಟೆಲಿನ್ಯಾಗ ಪಂಕ್ತಿ ಇರೂದಿಲ್ಲ. ಯಾರು ಮೊದಲ ಹೋಗ್ತಾರ, ಅವರಿಗೆ ಮೊದಲ ಬಡಸ್ತಾರ. ನಾಳೆ ಊಟಕ್ಕ ಅಲ್ಲಿಗೇ ಹೋಗೂಣು."

ನಗುತ್ತಾಳೆಂದುಕೊಂಡಿದ್ದೆ. ನಗಲಿಲ್ಲ. "ಖರೇನ?" ಎಂದಳು.

ಅವ್ವ ಗಾಬರಿಯಾದಳು. "ಅಕ್ಕಾರ, ಹೋಟೆಲಿನ್ಯಾಗ ಉಂಡ್ರ ನಿಮ್ಮ ಮಡಿ ಗತಿ ಏನ್ರಿ?"

"ಮಡಿ ನಾಳೆ ಒಂದಿನ ಮನ್ಯಾಗ ಕೂಡ್ಲಿ ಬಿಡವಾ, ನಿನಗೂ ಜೋಡಿ ಆಗ್ತದ!" ಎಂದಳು ಅತ್ತೆ.

ಹನ್ನೊಂದೂವರೆಗೆ ಕಾಚಿಗುಡದ ಹೋಟೆಲೊಂದರ ಬಾಗಿಲಲ್ಲಿದ್ದೆವು. ಆಗಷ್ಟೇ ಮೇಜು ಒರೆಸುತ್ತಿದ್ದರು. ಅಂದಿನ ಊಟಕ್ಕೆ ನಾವೇ ಮೊದಲಿಗರು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದ ಉಡುಪಿ ಕಡೆಯ ಯಜಮಾನರು ಅತ್ತೆಯನ್ನು ನೋಡಿ, "ಹೆಂಗಸರು ಇದ್ದಾರಲ್ಲ, ಫ್ಯಾಮಿಲಿ ರೂಮಿಗೆ ಹೋಗಿ" ಎಂದು ಪರದೆ ಎಳೆದಿದ್ದ ಗೂಡೊಂದನ್ನು ತೋರಿಸಿದರು.

ನನಗೆ ಮೈಯೆಲ್ಲ ಉರಿಯಿತು. ಕಡೆಯ ಪಂಕ್ತಿಯಿಂದ ಬಿಡಿಸಿ ತಂದವಳನ್ನು ಪರದೆಯ ಹಿಂದೆ ಕೂರಿಸುವುದೆ? ಹೆಣ್ಣು ಉಣ್ಣುವುದನ್ನು ಲೋಕ ನೋಡಬಾರದೆಂದು ವಿಧಿಸಿದವರು ಯಾರು? ಬಹಳ ಹೊತ್ತು ವಾದಿಸಿದೆ.

"ನಾನು ಮಾಡಿದ ರೂಲ್ ಅಲ್ಲ ಮಾರಾಯ್ರೇ, ಬರುವ ಗಿರಾಕಿಗಳೇ ಕೇಳ್ತಾರೆ" ಎಂದರು ಅವರು.

ಅತ್ತೆ ನನ್ನ ತೋಳು ಹಿಡಿದಳು. "ಒಳಗೂ ಕುರ್ಚಿ ಅವಲ್ಲೋ ತಮ್ಮಾ..."

"ಇದು ತತ್ವದ ಪ್ರಶ್ನೆ ಅತ್ತಿ" ಎಂದು ಹೊರಗೆ ಕರೆತಂದೆ.

ನಾರಾಯಣಗುಡದ ಹೋಟೆಲಿನಲ್ಲೂ ಪರದೆ. ಅಲ್ಲೂ ನನ್ನ ವಾದ. ಬಿಸಿಲಲ್ಲಿ ರಿಕ್ಷಾ ಹಿಡಿದು ಆಬಿಡ್ಸ್ ತಲುಪಿದಾಗ ಒಂದು ಗಂಟೆ ದಾಟಿತ್ತು. ಅಲ್ಲಿ ಪರದೆ ಇರಲಿಲ್ಲ, ಉದ್ದದ ಸಾಲು ಇತ್ತು. ನಿಂತೆವು. ಗೆದ್ದ ಹುರುಪಿನಲ್ಲಿ ಎರಡರ ಕಟ್ಟಳೆಯನ್ನು ನಾನು ಮರೆತೇಬಿಟ್ಟಿದ್ದೆ. ಆಕೆ ಮರೆತಿರಲಿಲ್ಲ, ನೆನಪಿಸಲೂ ಇಲ್ಲ. ಕೊನೆಗೆ ಪರದೆಯಿಲ್ಲದ ಆ ಬಯಲು ಹಾಲ್‌ನ ನಟ್ಟನಡುವೆ ಆಕೆಯನ್ನು ಕೂರಿಸಿದೆ. ತಟ್ಟೆ ಬಂತು. ಗೋಡೆಯ ಗಡಿಯಾರದಲ್ಲಿ ಎರಡೂ ಹತ್ತು. ಆಕೆ ತಟ್ಟೆಯನ್ನು ನನ್ನ ಕಡೆ ಸರಿಸಿದಳು.

"ನೀ ಉಣ್ಣಪಾ. ನಂದು ಹೊತ್ತು ಮೀರಿತು."

ಆ ಕಟ್ಟಳೆಯ ವಿರುದ್ಧವೂ ಭಾಷಣ ಮಾಡಿದೆ. ಅದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ. ಆಕೆ ತಲೆದೂಗುತ್ತ ಕೇಳಿದಳು, ಒಂದು ಲೋಟ ನೀರು ಕುಡಿದಳು. ಇಪ್ಪತ್ತರ ಹರೆಯ, ಹಸಿವು, ನಾನು ಉಂಡೆ...

ಮನೆ ಮುಟ್ಟಿದಾಗ ಅವ್ವ ಬಾಗಿಲಲ್ಲೇ ಕಾಯುತ್ತಿದ್ದಳು. "ಏನೇನ್ ಬಡಸಿದ್ರು ಅಕ್ಕಾರ?"

ಅತ್ತೆ ಚಪ್ಪಲಿ ಬಿಟ್ಟು, ಗೋಡೆಗೆ ಒರಗಿ ಕೂತಳು. "ಕೋಸಂಬರಿ, ಎರಡ್ ಥರದ ಪಲ್ಯ, ಬಿಸಿಬಿಸಿ ಅನ್ನ, ತವ್ವಿ, ತುಪ್ಪ. ಎಲ್ಲಾ ನನಗ ಮೊದಲ ಬಡಸಿದ್ರು ನೋಡವಾ. ಕುರ್ಚಿ ಮ್ಯಾಲೆ ರಾಣಿ ಹಂಗ ಕೂತಿದ್ದೆ. ನಿನ್ನ ಮಗ ಭಾಳ ಛಲೋ ನೋಡಿಕೊಂಡ."

ಸುಳ್ಳಾಡಿ ಗೊತ್ತಿಲ್ಲದ ಬಾಯಿ ಅದು. ಕಟ್ಟಳೆಗಳ ಮೇಲೆ, ಬಂಧುಗಳ ಮೇಲೆ, ಹೋಟೆಲಿನವರ ಮೇಲೆ ಹರಿಹಾಯ್ದು ಬಂದಿದ್ದ ನಾನು ಆಗ ತುಟಿ ಬಿಚ್ಚಲಿಲ್ಲ.

ಇನ್ನೊಮ್ಮೆ ಕರೆದೊಯ್ಯಬೇಕೆಂದುಕೊಳ್ಳುತ್ತಲೇ ಎರಡು ವರ್ಷ ಕಳೆದವು... ಆಕೆ ಹೋದಳು. ಅವ್ವನೂ ಆ ಊಟದ ಮಾತನ್ನು ನಂಬಿಕೊಂಡೇ ಹೋದಳು. ವಿಧವೆ ಅತ್ತೆಯನ್ನು ಆ ಕಾಲದಲ್ಲೇ ಹೋಟೆಲಿಗೆ ಕರೆದೊಯ್ದು ಮೊದಲು ಬಡಿಸುವಂತೆ ಮಾಡಿದ ಸುಧಾರಕನೆಂದು ಮನೆಯ ಮಕ್ಕಳು ಈಗಲೂ ನನ್ನನ್ನು ಹೊಗಳುತ್ತಾರೆ. ಆ ಹೊಗಳಿಕೆ ಇನ್ನು ಬೇಡ. ಅಂದು ಆಕೆ ಉಣ್ಣಲಿಲ್ಲ. ಉಂಡವನು ನಾನು.