ಐವತ್ತು ಮೀಟರಿಗೆ ಅವಳ ನಂಬರು

ನವೆಂಬರ್ ಇಪ್ಪತ್ತೆರಡರ ಪುಟದಲ್ಲಿ ನಾನು ಬರೆದದ್ದು ಇಷ್ಟೇ: "ಬಿಲ್ಲು ಒಂದು. ಸೈಟು ಎರಡು. ಬಾಣ ಎಂಟು. ಹುಡುಗಿಯರು ಇಬ್ಬರು."

ಅದು 2004. ನನಗೆ ಹದಿನೇಳು ವರ್ಷ. ದಿನಾ ಬರೆಯುವ, ಕಂಡದ್ದನ್ನೆಲ್ಲ ಎಣಿಸುವ ಚಟ ಚಿಕ್ಕಂದಿನಿಂದಲೂ ಇತ್ತು. ಹೀಗಾಗಿ ಬಿಲ್ಲುವಿದ್ಯೆ ಕಲಿಸುತ್ತಿದ್ದ ಸರ್ ಮೊದಲ ವಾರವೇ ಲೆಕ್ಕದ ವಹಿಯನ್ನು ನನ್ನ ಕೈಗೆ ಕೊಟ್ಟರು. ಅವರು ಮಿಲಿಟರಿಯಿಂದ ನಿವೃತ್ತರಾಗಿ ಊರು ಹುಕ್ಕೇರಿಗೆ ಮರಳಿದ್ದವರು. ವಾರಕ್ಕೆ ಆರು ದಿನ ಬಸ್ಸು ಹಿಡಿದು ಗೋಕಾಕಕ್ಕೆ ಬಂದು, ನಮ್ಮಪ್ಪನ ಬೆಲ್ಲದ ಗೋದಾಮಿನ ಹಿಂದಿನ ಖುಲ್ಲಾ ಜಾಗದಲ್ಲಿ ಕಲಿಸುತ್ತಿದ್ದರು. ಜಾಗ ಅಪ್ಪ ಬಿಟ್ಟುಕೊಟ್ಟದ್ದು. ಕಬ್ಬಿನ ರವದಿಯನ್ನು, ಅಂದರೆ ಒಣ ಎಲೆಯನ್ನು, ಒತ್ತಿ ಕಟ್ಟಿದ ಪೆಂಡಿಗಳೇ ನಮ್ಮ ಗುರಿಹಲಗೆ. ಎರಡೂ ತುದಿಗೆ ಗಾಲಿ ಇರುವ ಕಾಂಪೌಂಡ್ ಬಿಲ್ಲು ಸರ್ ಅವರ ಸ್ವಂತದ್ದು.

ಮನೆಯಲ್ಲಿ ಇದಕ್ಕೆ ಒಪ್ಪಿಗೆ ಸುಲಭವಾಗಿ ಸಿಕ್ಕಿರಲಿಲ್ಲ. ನಮ್ಮದು ಜೈನರ ಮನೆ. ಅಪ್ಪನ ತಾಯಿಯನ್ನು ನಾವೆಲ್ಲ ಆಯಿ ಅನ್ನುತ್ತಿದ್ದೆವು. ಆಕೆ ಬಿಲ್ಲನ್ನು ಕಂಡ ದಿನ ಊಟ ಬಿಟ್ಟಳು. "ಇರವಿ ಕಂಡ್ರ ಕಾಲ ಎತ್ತಿ ದಾಟೂ ಮನ್ಯಾಗ ಬಾಣ ಬಂತಲ್ಲ," ಅಂದಳು. ಹೊಡೆಯುವುದು ಕಾಗದದ ವರ್ತುಲಕ್ಕೆ ಮಾತ್ರ, ಪ್ರಾಣಿಯ ಚಿತ್ರಕ್ಕಲ್ಲ ಎಂದು ಅಪ್ಪ ಮಾತು ಕೊಟ್ಟ ಮೇಲೆ ಸುಮ್ಮನಾದಳು. ಇನ್ನೊಂದು ಕರಾರು, ಹೊತ್ತು ಮುಳುಗುವ ಮೊದಲು ನಾನು ಮನೆಯಲ್ಲಿ ಊಟಕ್ಕೆ ಕೂತಿರಬೇಕು.

ಎರಡನೆಯ ಹುಡುಗಿ ಮೂಡಲಗಿ ಕಡೆಯವಳು, ಕುರಿ ಕಾಯುವವರ ಮಗಳು. ಹದಿನೈದು ವರ್ಷ. ಸಾಲೆಯ ಆಟದಲ್ಲಿ ಅವಳು ಕಲ್ಲೆಸೆದು ಕಂಬದ ಮೇಲಿನ ಡಬ್ಬಿ ಕೆಡವಿದ್ದನ್ನು ಸರ್ ಕಂಡು ಕರೆತಂದಿದ್ದರು. ನನ್ನನ್ನು ಅಕ್ಕಾ ಅನ್ನುತ್ತಿದ್ದಳು. ನಮ್ಮ ಹಿತ್ತಲಿಗೆ ನೀರು ಕೇಳಿ ಬಂದರೆ ಅವಳ ತಂಬಿಗೆ ಬೇರೆ, ಕಟ್ಟೆಯ ಮೇಲೆ ಬೋರಲು ಹಾಕಿಟ್ಟಿರುತ್ತಿದ್ದರು. ತಾನೇ ಎತ್ತಿ, ಕುಡಿದು, ತೊಳೆದು ಹಾಗೇ ಬೋರಲು ಹಾಕಿ ಹೋಗುವಳು. ಅದನ್ನು ನಾನು ಎಣಿಸಿಲ್ಲ.

ಸೈಟು ಅಂದರೆ ಬಿಲ್ಲಿಗೆ ಹಚ್ಚುವ ಗುರಿಯ ಸಾಧನ, ಅದರ ಪಿನ್ನಿನ ತುದಿಯನ್ನು ಗುರಿಯ ಮೇಲಿಟ್ಟು ಬಾಣ ಬಿಡಬೇಕು. ಸರ್ ಅಂದು ತಂದಿದ್ದ ಎರಡು ಸೈಟುಗಳಲ್ಲಿ ಒಂದಕ್ಕೆ ಐದು ಪಿನ್ನುಗಳಿದ್ದವು, ಒಂದರ ಕೆಳಗೊಂದು. ಒಮ್ಮೆ ಒಂದೊಂದನ್ನು ಒಂದೊಂದು ದೂರಕ್ಕೆ ಕೂರಿಸಿಬಿಟ್ಟರೆ ಮತ್ತೆ ಮುಟ್ಟುವ ಕೆಲಸವಿಲ್ಲ. ಇನ್ನೊಂದಕ್ಕೆ ಒಂದೇ ಪಿನ್ನು. ಅದು ಗೆರೆ ಕೊರೆದ ಪಟ್ಟಿಯ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಯುತ್ತಿತ್ತು. ದೂರ ಬದಲಾದಾಗೆಲ್ಲ ಸ್ಕ್ರೂ ತಿರುಗಿಸಿ ಪಿನ್ನನ್ನು ಆ ದೂರದ ನಂಬರಿಗೆ ತರಬೇಕು. ಹೊಡೆಯುವವರ ಕಣ್ಣು, ಗದ್ದ, ಎಳೆಯುವ ರೀತಿ ಬೇರೆಯಾದರೆ ನಂಬರೂ ಬೇರೆ.

"ವಾರ ತನಕಾ ಎರಡೂ ಹಚ್ಚಿ ನೋಡ್ರಿ. ಲೆಕ್ಕಾ ಇಟ್ಟಾಕಿ ಹೇಳಲಿ ಯಾವದ ಬೇಕಂತ," ಅಂದರು ಸರ್.

ಆರು ದಿನ ನೋಡಿದೆವು. ಐದು ಪಿನ್ನಿನಲ್ಲಿ ನಾನು ಅರವತ್ತು ಬಾಣಕ್ಕೆ ಏಳು ಸಲ ತಪ್ಪು ಪಿನ್ನು ಹಿಡಿದೆ. ಅವಳು ಒಂದು ಸಲವೂ ಇಲ್ಲ. ಆರನೆಯ ದಿನ ಅವಳು ಗೋದಾಮಿನ ಗೋಡೆಗೆ ಒರಗಿ ಶೇಂಗಾ ಸುಲಿಯುತ್ತ ಹೇಳಿದಳು.

"ಅಕ್ಕಾ, ನಮಗ ಬೇಕಾಗಿದ್ದ ಮೂವತ್ತು ಮೀಟರ್, ಐವತ್ತು ಮೀಟರ್, ಎರಡ ದೂರ. ಎರಡ ಪಿನ್ನ ನಿನಗ, ಎರಡ ನನಗ. ನಿನ್ನವಕ್ಕ ಕೆಂಪ ಬಣ್ಣಾ ಹಚ್ಚೂಣು, ನನ್ನವಕ್ಕ ಹಸರ. ಒಂದ ಉಳೀತೈತಿ, ಸರ್‌ಗೆ ಇರ್ಲಿ. ಯಾರೂ ಯಾರನ್ನೂ ಕೇಳೂ ಕೆಲಸಿಲ್ಲ."

ಆರು ದಿನ ಬರೆದೂ ನನಗೆ ಹೊಳೆಯದ ಮಾತು ಅದು. ನನಗೆ ಸಿಟ್ಟು ಬಂತು.

"ಪಿನ್ನಿಗೆ ಬಣ್ಣಾ ಹಚ್ಚಾಕ ಇದೇನ ಕುರಿ ಏನ, ಗುರ್ತಿಗೆ?" ಅಂದೆ. ಸರ್ ಜೋರಾಗಿ ನಕ್ಕರು. ಅವಳೂ ನಕ್ಕಳು, ಬಾಯಿಗೆ ಅಂಗೈ ಹಿಡಿದು. ನಾನು ವಹಿ ತೆರೆದು ಏಳು ತಪ್ಪಿನ ಲೆಕ್ಕ ತೋರಿಸಿದೆ, ಯಾರ ತಪ್ಪು ಎಂದು ಹೇಳದೆ. ಒಂದೇ ಪಿನ್ನಿನ ಸೈಟು ಬಿಲ್ಲಿಗೆ ಬಂತು. ಅದಕ್ಕೆ ವಹಿ ಬೇಕು, ವಹಿ ನನ್ನಲ್ಲಿತ್ತು.

ಕೂರಿಸುವ ಕೆಲಸ ಹನ್ನೊಂದು ದಿನ ಹಿಡಿಯಿತು. ಸೈಟಿನ ಕೆಳಗಿನ ಗಾಜಿನ ನಳಿಗೆಯಲ್ಲಿ ನೀರಿನ ಗುಳ್ಳೆ ನಟ್ಟನಡುವೆ ನಿಲ್ಲಬೇಕು. ಇಲ್ಲವಾದರೆ ಬಿಲ್ಲು ವಾಲಿದೆ ಎಂದರ್ಥ. ಮೊದಲು ಹತ್ತು ಹೆಜ್ಜೆಯಿಂದ ಹೊಡೆದು ಎಡಬಲ ಸರಿಮಾಡಿಕೊಂಡು, ಆಮೇಲೆ ಹಿಂದೆ ಸರಿಯುತ್ತ ಮೂವತ್ತು ಮೀಟರ್, ಐವತ್ತು ಮೀಟರ್. ಒಂದೊಂದು ದೂರಕ್ಕೂ ಮೂರು ಬಾಣ ಹೊಡೆದು, ಮೂರೂ ಎಲ್ಲಿ ಗುಂಪಾದವು ಎಂದು ನೋಡಿ, ಪಿನ್ನನ್ನು ಗುಂಪು ಬಿದ್ದ ಕಡೆಗೇ ಸರಿಸಬೇಕು. ಬಾಣ ಮೇಲೆ ಹೋದರೆ ಪಿನ್ನೂ ಮೇಲೆ. ಮನಸ್ಸು ಹೇಳುವುದು ಇದರ ಉಲ್ಟಾ.

ಅವಳು ಒಂದು ದಿನ ಉಲ್ಟಾ ಮಾಡಿದಳು. ಬಾಣ ಮೇಲೆ ಬಿತ್ತೆಂದು ಪಿನ್ನನ್ನು ಕೆಳಕ್ಕೆ ಇಳಿಸಿ ಎಳೆದು ಬಿಟ್ಟಳು. ಬಾಣ ಪೆಂಡಿಯನ್ನು ದಾಟಿ ಗೋಡೆಯ ಕಲ್ಲಿಗೆ ಬಡಿದು ಎರಡು ತುಂಡಾಯಿತು. ಸರ್ ಅವಳ ತಲೆಯ ಮೇಲೆ ಮೊಟಕಿ, ಮುರಿದ ಎರಡೂ ತುಂಡುಗಳನ್ನು ಕೈಗೆ ಕೊಟ್ಟು, ಹೊತ್ತು ಇಳಿಯುವವರೆಗೆ ಬಿಸಿಲಲ್ಲಿ ನಿಲ್ಲಿಸಿದರು.

"ಬಾಣದ ಬೆನ್ನ ಹತ್ತಬೇಕ ಪಿನ್ನ, ಎಷ್ಟ ಸಲಾ ಹೇಳ್ಲಿ? ಇನ್ನ ಮ್ಯಾಲ ನೀ ಸ್ಕ್ರೂ ಮುಟ್ಟಿದ್ರ ಕೈ ಮುರೀತೇನಿ. ಆಕಿ ತಿರವತಾಳ, ನೀ ಬರೇ ಹೊಡಿ."

ವಹಿಯಲ್ಲಿ "ಬಾಣ ಏಳು" ಎಂದು ತಿದ್ದಿದೆ. ಅಂದಿನಿಂದ ನನ್ನ ನಂಬರು ನೀಲಿ ಶಾಯಿಯಲ್ಲಿ, ಅವಳದು ಕೆಂಪಿನಲ್ಲಿ. ಅವಳು ಗೆರೆಯ ಮೇಲೆ ಬಂದು ನಿಂತು "ಅಕ್ಕಾ, ನಂದ ಹಚ್ಚ," ಅನ್ನುವಳು. ನಾನು ತಿರುಗಿಸುವೆ. ನಂಬರು ಎಷ್ಟೆಂದು ಅವಳು ಒಂದು ದಿನವೂ ಕೇಳಲಿಲ್ಲ.

ಜನವರಿಯಲ್ಲಿ ಸರ್ ಒಂದು ಸುದ್ದಿ ತಂದರು. ಸರಕಾರಿ ಕ್ರೀಡಾ ಹಾಸ್ಟೆಲಿನಲ್ಲಿ ಬಿಲ್ಲುವಿದ್ಯೆಗೆ ಒಂದು ಸೀಟು. ಊಟ, ವಸತಿ, ಸಾಲೆ, ಸ್ವಂತ ಬಿಲ್ಲು, ಎಲ್ಲ ಅವರದೇ. ನಮ್ಮಲ್ಲಿ ಒಬ್ಬಳ ಹೆಸರನ್ನು ಕಳಿಸಬಹುದು. ಫೆಬ್ರುವರಿ ಇಪ್ಪತ್ತು, ರವಿವಾರ, ಹುಕ್ಕೇರಿಯ ಸಾಲೆಯ ಮೈದಾನದಲ್ಲಿ ಇಬ್ಬರು ಮಾಸ್ತರರ ಎದುರಿಗೆ ಪರೀಕ್ಷೆ. ಐವತ್ತು ಮೀಟರಿಗೆ ಮೂವತ್ತು ಬಾಣ, ಮೂವತ್ತು ಮೀಟರಿಗೆ ಮೂವತ್ತು.

ಆ ಸಂಜೆ ಊಟಕ್ಕೆ ಕೂತಾಗ ವಿಷಯ ತೆಗೆದೆ. ಆಯಿ ತುತ್ತು ಕೆಳಗಿಟ್ಟಳು. "ಉಳ್ಳಾಗಡ್ಡಿ, ಬಳ್ಳೊಳ್ಳಿ ಹಾಕಿ ಅಡಗಿ ಮಾಡೂ ಜಾಗಾ. ರಾತ್ರಿ ಎಂಟಕ್ಕ ತಾಟ ಹಚ್ಚತಾರ. ನಾ ಇರೂ ತನಕಾ ಈ ಮನಿ ಹುಡುಗಿ ಅಲ್ಲಿ ಹೋಗೂದಿಲ್ಲ." ಅಪ್ಪ ಇನ್ನೊಂದು ರೊಟ್ಟಿ ಬಡಿಸಿಕೊಂಡರು. ನಾನು ಆಯಿಯ ಮಾತನ್ನು ಅಕ್ಷರ ತಪ್ಪದೆ ಬರೆದಿಟ್ಟೆ. ಸೀಟು ನನಗೆ ಬಂದರೂ ನಾನು ಹೋಗುವುದಿಲ್ಲ ಎನ್ನುವುದು ನನಗೆ ಅಂದೇ ಗೊತ್ತಿತ್ತು.

ಅವಳ ಮನೆಯ ಮಾತು ಬೇರೆ. ಅವಳಪ್ಪ ಹೇಳಿಕಳಿಸಿದ್ದ: ಸೀಟು ಸಿಕ್ಕರೆ ಹಾಸ್ಟೆಲು, ಇಲ್ಲವಾದರೆ ಸಾಲೆ ಬಿಟ್ಟು ಕುರಿಯ ಹಿಂದೆ.

ಫೆಬ್ರುವರಿ ಹದಿನಾರರೊಳಗೆ ಒಟ್ಟು ಹತ್ತು ಸಲ ಲೆಕ್ಕ ಹಾಕಿ ಹೊಡೆದೆವು. ಎಂಟು ಸಲ ಅವಳು ಮುಂದೆ. ಸರಾಸರಿ ಹನ್ನೊಂದು ಅಂಕದಿಂದ.

ಹದಿನೇಳನೆಯ ತಾರೀಖು, ಗುರುವಾರ, ಅವಳು ಬರಲಿಲ್ಲ. ಚಳಿಗಾಲಕ್ಕೆ ಅವರ ಕುರಿ ದಡ್ಡಿ ಎನ್ನುವ ಊರಿನ ಹತ್ತಿರ ಹೊಳೆದಂಡೆಯಲ್ಲಿದ್ದವು, ಮರಿ ಹಾಕುತ್ತಿದ್ದವು, ಅವಳನ್ನು ಕರೆಸಿಕೊಂಡಿದ್ದರು. ಅಂದೇ ಸರ್ ಬಿಲ್ಲಿನ ಹಳೆಯ ಹೆದೆ ಸವೆದಿದೆಯೆಂದು ಹೊಸದನ್ನು ಹಾಕಿದರು. ಹೆದೆಯ ಎಳೆಗಳ ನಡುವೆ ಒಂದು ಚಿಕ್ಕ ತೂತಿನ ಗುಂಡಿ ಇರುತ್ತದೆ. ಅದರೊಳಗಿಂದ ನೋಡಿಯೇ ಪಿನ್ನನ್ನು ಗುರಿಗೆ ಹೊಂದಿಸಬೇಕು. ಹೊಸ ಹೆದೆಯಲ್ಲಿ ಆ ಗುಂಡಿ ಒಂದು ಜೋಳದ ಕಾಳಿನಷ್ಟು ಮೇಲೆ ಕೂತಿತು. ನನ್ನ ಮೊದಲ ಮೂರು ಬಾಣ ಗುರಿಯ ನಟ್ಟನಡುವಿನ ಹಳದಿಯನ್ನು ಬಿಟ್ಟು ಒಂದೂವರೆ ಗೇಣು ಮೇಲೆ ಹೋದವು.

"ಎಲ್ಲಾ ನಂಬರ್ ಹೊಸದಾಗಿ ತಗೀಬೇಕ," ಅಂದರು ಸರ್. "ಆಕಿ ಬಂದ ಕೂಡ್ಲೆ ಆಕೀದೂ ತಗಿ. ಮರೀಬ್ಯಾಡ."

ಎರಡು ದಿನದಲ್ಲಿ ನನ್ನ ಎರಡೂ ನಂಬರನ್ನು ಹೊಸದಾಗಿ ತೆಗೆದೆ. ನೀಲಿ ಶಾಯಿಯ ಹಳೆಯ ಅಂಕಿಗೆ ಗೀಟು ಹಾಕಿ ಪಕ್ಕದಲ್ಲಿ ಹೊಸದನ್ನು ಬರೆದೆ. ಕೆಂಪು ಹಾಗೇ ಇತ್ತು.

ಅವಳು ರವಿವಾರ ಮುಂಜಾನೆ ದಡ್ಡಿಯಿಂದ ನೇರವಾಗಿ ಹುಕ್ಕೇರಿಗೆ ಬಂದಳು. ಲಂಗಕ್ಕೆ ಕುರಿಮರಿಯ ವಾಸನೆಯಿತ್ತು. ಬಿಲ್ಲನ್ನು ನೋಡಿ, "ಹೆದೀ ಹೊಸಾದೇನ ಅಕ್ಕಾ?" ಅಂದಳು.

"ಹೂಂ."

"ಹಂಗಾರ ನಂಬರಾ?"

"ಅದ ಐತಿ, ಬದಲಾಗಿಲ್ಲ," ಅಂದೆ.

ಹೊಡೆಯುವವರ ಹತ್ತಿರ ಯಾರೂ ಹೋಗಬಾರದೆಂದು ಮಾಸ್ತರರು ಸರ್ ಅವರನ್ನು ದೂರ, ಮೇಜಿನ ಹಿಂದೆ ಕೂರಿಸಿದ್ದರು. ಬಿಲ್ಲು ಒಂದೇ ಆದ್ದರಿಂದ ಮೂರು ಬಾಣ ನಾನು, ಮೂರು ಅವಳು. ನಡುವೆ ಸ್ಕ್ರೂ ತಿರುಗಿಸುವವಳು ನಾನು. ಅವಳ ಮೊದಲ ಮೂರು ಬಾಣ ಒಂದು ಮುಷ್ಟಿಯೊಳಗೆ ಹಿಡಿಯುವಷ್ಟು ಹತ್ತಿರ ಬಿದ್ದವು, ನೀಲಿ ಬಣ್ಣದ ವರ್ತುಲದಲ್ಲಿ, ಮೇಲೆ.

"ಅಕ್ಕಾ, ಮ್ಯಾಲ ಹೊಂಟಾವು. ಸ್ಕ್ರೂ ನೋಡ್ತಿ ಏನ?"

"ಸ್ಕ್ರೂ ಬರೋಬ್ಬರಿ ಐತಿ. ಬಿಡೂ ಹೊತ್ತಿಗೆ ನೀ ಎಡಗೈ ಎತ್ತಾಕತ್ತಿ."

ಅವಳು ತನ್ನ ಎಡಗೈಯನ್ನು ನೋಡಿಕೊಂಡಳು. ಮುಂದಿನ ಸರತಿಯಲ್ಲಿ ಕೈಯನ್ನು ಕೆಳಕ್ಕೆ ಒತ್ತಿ ಹೊಡೆದಳು. ಒಂದು ಬಾಣ ಹಳದಿಗೆ ಬಿತ್ತು, ಎರಡು ಎಲ್ಲೆಲ್ಲೋ ಹೋದವು. ಆಮೇಲೆ ಮತ್ತೆ ಮೇಲೆ. ಪ್ರತಿ ಸಲವೂ ನನ್ನ ಮುಖ ನೋಡುವಳು. "ಈಗ?" "ಇನ್ನೂ ಎತ್ತಾಕತ್ತಿ." ಹೀಗೆ ಇಪ್ಪತ್ತು ಸರತಿ. ಅವಳು ಕೇಳಿದ್ದು ಹದಿನಾಲ್ಕು ಸಲ. ಆ ಲೆಕ್ಕವನ್ನು ಅಂದೇ ಬರೆದಿದ್ದೇನೆ.

ನನಗೆ ನಾನೂರಾ ತೊಂಬತ್ತೆಂಟು. ಅವಳಿಗೆ ನಾನೂರಾ ಮೂವತ್ತೊಂದು.

ಸರ್ ಅವಳ ಗುರಿಹಲಗೆಯ ಹತ್ತಿರ ಹೋಗಿ ಬಹಳ ಹೊತ್ತು ನಿಂತರು. ಕೈ ತಪ್ಪಿದರೆ ತೂತುಗಳು ಚೆದುರಿರುತ್ತವೆ. ಒಂದೇ ಕಡೆ ಗುಂಪಾಗಿದ್ದರೆ ತಪ್ಪು ಸೈಟಿನದು. ಅವರೇ ಕಲಿಸಿದ ಪಾಠ. ಕಾಗದದ ಮೇಲಿನ ಆ ಗುಂಪಿನ ಮೇಲೆ ಬೆರಳಾಡಿಸಿ, ನನ್ನ ಕಡೆ ನೋಡಿದರು. ನಾನೂ ನೋಡಿದೆ. ಆಮೇಲೆ ಕಾಗದವನ್ನು ಕಿತ್ತು, ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಅವಳ ಹತ್ತಿರ ಹೋದರು.

"ಕೈ ಬಿಗಿ ಇಲ್ಲ ನಿನಗ. ಹೋಗ, ನಿಮ್ಮಪ್ಪಗ ಹೇಳ," ಅಂದರು. ನಮ್ಮಪ್ಪನ ಗೋದಾಮಿನ ಹಿಂದಿನ ಜಾಗ ಸರ್ ಅವರಿಗೆ ಬೇಕಾಗಿತ್ತು.

ಅವಳು ಅಳಲಿಲ್ಲ. ಬಾಣಗಳನ್ನು ಒರೆಸಿ, ಎಣಿಸಿ, ನನ್ನ ಕೈಗೆ ಕೊಟ್ಟಳು. ಏಳೂ ಇದ್ದವು.

ಹಾಸ್ಟೆಲಿನ ಕಾಗದ ಮಾರ್ಚಿನಲ್ಲಿ ಬಂತು. ಮೊದಲನೆಯವರು ಬರದಿದ್ದರೆ ಎರಡನೆಯವರ ಹೆಸರನ್ನು ಹದಿನೈದು ದಿನದೊಳಗೆ ಬರೆದು ಕಳಿಸಿ ಎಂದಿತ್ತು. ಅಪ್ಪ ಅದನ್ನು ದೇವರ ಕೋಣೆಯ ಗೂಡಿನಲ್ಲಿಟ್ಟು, "ವರ್ಷದ ಪರೀಕ್ಷಾ ಮುಗೀಲಿ, ನೋಡೂಣು," ಅಂದರು. ಹದಿನೈದನೆಯ ದಿನ ನಾನು ವಹಿಯಲ್ಲಿ "ಇಂದು ಕಡೆಯ ದಿನ" ಎಂದು ಬರೆದು, ಪುಟ ತಿರುವಿದೆ. ಸೀಟು ಬೇರೆ ತಾಲೂಕಿನ ಯಾರಿಗೋ ಹೋಯಿತು.

ಭಾದ್ರಪದದಲ್ಲಿ ನಮ್ಮಲ್ಲಿ ಹತ್ತು ದಿನದ ವ್ರತ ಮುಗಿದ ಮೇಲೆ ಎಲ್ಲರೂ ಎಲ್ಲರ ಕ್ಷಮೆ ಕೇಳುವ ದಿನ ಬರುತ್ತದೆ. ಕೈ ಮುಗಿದು "ಉತ್ತಮ ಕ್ಷಮಾ" ಅಂದರೆ ಎದುರಿನವರೂ ಕೈ ಮುಗಿದು ಅದನ್ನೇ ಅನ್ನುತ್ತಾರೆ. ಯಾವ ತಪ್ಪಿಗೆ ಎಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳದಿರುವುದೇ ಪದ್ಧತಿ. ನಾನು ಪ್ರತಿ ವರ್ಷ ಪಟ್ಟಿ ಮಾಡಿ, ಕೇಳಿದವರ ಹೆಸರಿಗೆ ಗುರುತು ಹಾಕುತ್ತಿದ್ದೆ. ಆ ವರ್ಷ ನಲವತ್ತೊಂದು ಜನ. ಅವಳನ್ನು ನಲವತ್ತೆರಡನೆಯವಳಾಗಿ ಸೇರಿಸಿದ್ದೆ, ಕೊನೆಗೆ, ಪೆನ್ಸಿಲಿನಲ್ಲಿ.

ಸೋದರತ್ತೆಯ ಮನೆಗೆಂದು ಮೂಡಲಗಿಗೆ ಹೋದವಳು ಊರ ಹೊರಗಿನ ಬೀಳು ಹೊಲದವರೆಗೆ ನಡೆದೆ. ಕುರಿ ಮೇಯುತ್ತಿದ್ದವು. ಅವಳು ನನ್ನನ್ನು ಕಂಡು ಓಡಿಬಂದಳು. ಎತ್ತರವಾಗಿದ್ದಳು. ಕೊರಳಲ್ಲಿ ಹೊಸ ಕರಿಮಣಿ ಇತ್ತು.

"ಅಕ್ಕಾ! ಎಷ್ಟ ದಿನಾ ಆತು! ದಪ್ಪ ಆಗಿ ನೋಡ."

ನಾನು ಕೈ ಮುಗಿದೆ. "ಉತ್ತಮ ಕ್ಷಮಾ," ಅಂದೆ.

ಅವಳಿಗೆ ನಗು ಬಂತು. "ಹಂಗಂದ್ರ?"

"ಕ್ಷಮಾ ಕೇಳಾಕತ್ತೇನಿ."

"ಯಾತಕ್ಕ?"

ಆವತ್ತಿನವರೆಗೆ ನಲವತ್ತೊಂದು ಜನರಲ್ಲಿ ಒಬ್ಬರೂ ಕೇಳದ ಪ್ರಶ್ನೆ. ಕುರಿಯೊಂದು ನಮ್ಮ ನಡುವೆ ನುಸುಳಿ ಹೋಯಿತು. ಅವಳ ಮುಖದಲ್ಲಿ ನಗು ಹಾಗೇ ಇತ್ತು.

"ಸುಮ್ಮ," ಅಂದೆ. "ನಮ್ಮಲ್ಲಿ ಪದ್ಧತಿ."

"ಅಯ್ಯ, ಅಷ್ಟೇನ? ಹಂಗಾರ ಮಾಡೇನಿ ತಗೊ, ಎಲ್ಲಾ ಮಾಫ್." ಆಮೇಲೆ ದನಿ ತಗ್ಗಿಸಿದಳು, ಕುರಿಗಳಿಗೆ ಕೇಳಿಸಬಾರದೆನ್ನುವಂತೆ. "ಅಕ್ಕಾ, ಒಂದ ಮಾತ. ಆವತ್ತ ನೀ ಹೇಳಿದಿ ನೋಡ, ಎಡಗೈ ಎತ್ತತಿ ಅಂತ. ನಾ ದಿನಾ ಕೋಲ ಹಿಡದ ನೋಡ್ತೇನಿ. ನನಗ ಗೊತ್ತ ಆಗವಲ್ದು. ನೋಡಿ ಹೇಳ್ತಿ ಏನ?"

ಕುರಿ ಕಾಯುವ ಕೋಲನ್ನು ಬಿಲ್ಲಿನಂತೆ ಎಡಗೈಯಲ್ಲಿ ನಿಲ್ಲಿಸಿ, ಬಲಗೈಯನ್ನು ಗದ್ದದವರೆಗೆ ಎಳೆದು ನಿಂತಳು. ಭುಜ, ಮೊಣಕೈ, ಮಣಿಕಟ್ಟು ಒಂದೇ ಗೆರೆಯಲ್ಲಿದ್ದವು. ಅಷ್ಟು ನೇರವಾದ ಕೈಯನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ. ಬಲಗೈ ಬಿಚ್ಚಿದಳು. ಎಡಗೈ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

"ಎತ್ತಿದ್ನೇನ?"

"ಹೂಂ. ಸ್ವಲ್ಪ," ಅಂದೆ.

"ಹಿಂಗ?" ಕೈಯನ್ನು ತಗ್ಗಿಸಿದಳು.

"ಇನ್ನೂ ಕೆಳಗ."

ತಗ್ಗಿಸಿದಳು. ಅತ್ತೆಯ ಮನೆಯಲ್ಲಿ ಊಟಕ್ಕೆ ಹೊತ್ತಾಗುತ್ತಿತ್ತು, ನಾನು ಹೊರಟೆ. ರಸ್ತೆಗೆ ಬಂದು ತಿರುಗಿ ನೋಡಿದಾಗಲೂ ಅವಳು ಹಾಗೇ ನಿಂತು, ತಗ್ಗಿಸಿದ ಕೈಯಿಂದ ದೂರದ ಜಾಲಿಯ ಗಿಡಕ್ಕೆ ಗುರಿ ಹಿಡಿದು, ಇಲ್ಲದ ಬಾಣವನ್ನು ಮತ್ತೆ ಮತ್ತೆ ಬಿಡುತ್ತಿದ್ದಳು.